ಕರೆಂಟಿಲ್ಲದಾಗ ಕೂಗಿದ ಸ್ಯಾಂಡರ್

ನಗೋದಿದ್ರೆ ಈಗಲೇ ನಕ್ಕು ಮುಗಿಸಿಬಿಡಿ. ಮಧ್ಯದಲ್ಲಿ ಯಾರಾದ್ರೂ ಕಿಸಕ್ ಅಂದ್ರೋ, ನಾನು ಎದ್ದು ಹೋಗೋಳೇ. ಲಾಸ್ಯಾ, ಆ ಬಾಲ್ಕನಿ ಬಾಗಿಲು ಸರಿಯಾಗಿ ಎಳೆದು ಹಾಕೇ, ಗಾಳಿಗೆ ಟಪ್ ಟಪ್ ಅಂತಿದೆ. ಹಾಂ... ಈಗ ಸರಿ. ರಾತ್ರಿ ಹೊತ್ತು ಯಾವ ಸದ್ದು ಕೇಳಿದ್ರೂ ನನಗೆ ಕೂತಲ್ಲಿ ಕೂರಕ್ಕಾಗಲ್ಲ, ಹೋದ ದಸರಾದಿಂದ.

ಇದು ಅವರಿವರು ಹೇಳಿದ ಕತೆ ಅಲ್ಲ. ನನ್ನ ಚಿಕ್ಕಪ್ಪನ ಮಗ ಸುಧನ್ವನ ಮನೇಲಿ ಆಗಿದ್ದು. ಅಮೆರಿಕಕ್ಕೆ ಬಂದಾಗಿಂದ ಇಲ್ಲೇ ನೆವಾರ್ಕಲ್ಲಿ ಮನೆ. ಅವನು, ಹೆಂಡತಿ ಸಂಯುಕ್ತಾ, ಮಗಳು ಗಾರ್ಗಿ, ಮೂರೇ ಜನ. ಗಾರ್ಗಿಗೆ ನಾಲ್ಕು ವರ್ಷ. ಕನ್ನಡ ಎಲ್ಲಾ ಅರ್ಥ ಆಗುತ್ತೆ, ಮಾತಾಡು ಅಂದ್ರೆ ಮಾತ್ರ ಇಂಗ್ಲಿಷು.

ಸಂಯುಕ್ತಾ ಮೈಸೂರಿನವಳು. ಗೊಂಬೆ ಕೂರಿಸದೆ ಅವಳಿಗೆ ದಸರಾ ಆಗಲ್ಲ. ಪ್ರತಿ ವರ್ಷ ಪ್ಲಾಸ್ಟಿಕ್ ಡಬ್ಬಗಳನ್ನ ಜೋಡಿಸಿ, ಮೇಲೆ ಪಂಚೆ ಹಾಸಿ ಮುಗಿಸ್ತಿದ್ರು. ಹೋದ ಸಲ ಸುಧನ್ವನಿಗೆ ಹುಮ್ಮಸ್ಸು ಬಂತು. ಮರದ ಮೆಟ್ಟಿಲು ನಾನೇ ಮಾಡ್ತೀನಿ ಅಂತ ಹಲಗೆ ತಂದ, ಒಂದು ಬೆಲ್ಟ್ ಸ್ಯಾಂಡರೂ ತಂದ. ನೋಡಿದೀರಾ ಅದನ್ನ? ಉಪ್ಪುಕಾಗದದ ಪಟ್ಟಿ ಒಂದು ಗರಗರ ಸುತ್ತುತ್ತಾ ಹಲಗೆ ಉಜ್ಜಿ ನಯ ಮಾಡುತ್ತೆ. ಗಟ್ಟಿಯಾಗಿ ಹಿಡೀದಿದ್ರೆ ಹಗ್ಗ ಬಿಚ್ಚಿದ ಕರು ಹಾಗೆ ಎಳ್ಕೊಂಡು ಓಡುತ್ತೆ. ಅದರ ಕೆಳಗೆ ಕೈ ಸಿಕ್ಕಿದ್ರೆ ಚರ್ಮ ಅಲ್ಲ, ಮೂಳೆವರೆಗೂ ಹೋಯ್ತು. ಹಿಡಿಕೆ ಪಕ್ಕ ಒಂದು ಪುಟ್ಟ ಗುಂಡಿ ಇರುತ್ತೆ. ಅದನ್ನ ಒತ್ತಿಬಿಟ್ರೆ ಸ್ವಿಚ್ಚಿಂದ ಬೆರಳು ತೆಗೆದ್ರೂ ಮಿಷಿನ್ ಓಡ್ತಾನೇ ಇರುತ್ತೆ. ಬೆರಳು ನೋಯಬಾರದು ಅಂತ ಮಾಡಿರೋದು.

ಸುಧನ್ವ ಇದ್ದಾನಲ್ಲ, ಹುಷಾರು ಅಂದ್ರೆ ಅತೀ ಹುಷಾರು. ಕಣ್ಣಿಗೆ ಗಾಗಲ್ಸು, ಮೂಗಿಗೆ ಮಾಸ್ಕು, ಕಿವಿಗೆ ದಪ್ಪ ಮುಚ್ಚಳ. ಧೂಳಿನ ಚೀಲ ಅರ್ಧ ತುಂಬೋ ಮುಂಚೇನೇ ಖಾಲಿ ಮಾಡೋನು. ಕಾಗದ ಬದಲಾಯಿಸಬೇಕಾದ್ರೆ ಮೊದಲು ಪ್ಲಗ್ ಕಿತ್ತು, ಆಮೇಲೆ ಕೈ ಹಾಕೋನು. "ಚಂದ್ರಲೋಕಕ್ಕೆ ಹೊರಟ್ರಾ, ರಾಯರು?" ಅಂತ ಸಂಯುಕ್ತಾ ರೇಗಿಸ್ತಿದ್ಳು. ಗಾರ್ಗಿಗಂತೂ ಆ ಮಿಷಿನ್ ಮೇಲೇ ಕಣ್ಣು. ಮುಟ್ಲಾ, ಮುಟ್ಲಾ ಅಂತ ಇಡೀ ದಿನ ಅವನ ಹಿಂದೆ ಹಿಂದೆ.

ಅಂಥವನು ಮಾಡಿದ ತಪ್ಪು ಕೇಳಿ. ಅಪ್ಪಟ ನಮ್ಮೂರಿನ ತಪ್ಪು!

ಆವತ್ತು ಸಂಜೆ ಹುಚ್ಚುಗಾಳಿ. ಕಾರು ನಿಲ್ಲಿಸೋ ಗರಾಜಲ್ಲಿ ಕೂತು ಅರ್ಧ ಹಲಗೆ ಉಜ್ಜಿದ್ದಾನೆ... ಕರೆಂಟ್ ಹೋಯ್ತು. ಸ್ಯಾಂಡರು ಊಂ... ಅಂತ ಇಳಿದು ಸುಮ್ಮನಾಯ್ತು. ಈಗ ಹೇಳಿ, ಊರಲ್ಲಿ ಕರೆಂಟ್ ಹೋದ್ರೆ ನಾವೇನು ಮಾಡ್ತಿದ್ವಿ? ಲೈಟಿನ ಸ್ವಿಚ್ಚು ಆನಲ್ಲೇ ಬಿಡ್ತಿದ್ವಿ, ಬಂದಾಗ ಗೊತ್ತಾಗಲಿ ಅಂತ. ಫ್ಯಾನು, ಟೀವಿ, ಎಲ್ಲಾ ಹಾಗೇ. ಆ ಅಭ್ಯಾಸ ನಮ್ಮ ರಕ್ತದಲ್ಲೇ ಇದೆ ಕಣ್ರೇ. ಇವನೂ ಸ್ಯಾಂಡರನ್ನ ಹಲಗೆ ಮೇಲೆ ಮಗುಚಿ, ಪಟ್ಟಿ ಮೇಲಾಗಿ ಇಟ್ಟ. ಗುಂಡಿ ಒತ್ತಿದ್ದು ಒತ್ತಿದ ಹಾಗೇ, ಪ್ಲಗ್ಗು ಗೋಡೇಲೇ. ಇಲ್ಲಿಯ ಪ್ಲಗ್ ಪಾಯಿಂಟಿಗೆ ನಮ್ಮೂರಿನ ಹಾಗೆ ಸ್ವಿಚ್ಚಾದ್ರೂ ಎಲ್ಲಿದೆ, ಆರಿಸೋಕೆ?

ಬರೀ ಮರೆವು. ಮೇಣದಬತ್ತಿ ಬೆಳಕಲ್ಲಿ ಮೊಸರನ್ನ ತಿಂದ, ಮಗು ಮಲಗಿಸಿದ, ಆಫೀಸಿನ ಕೆಲಸ ಬಾಕಿ ಇತ್ತು ಅಂತ ಲ್ಯಾಪ್‌ಟಾಪ್ ತಗೊಂಡು ಗೆಳೆಯ, ಇಗೋ ಇಲ್ಲೇ ಕೂತಿದಾನಲ್ಲ, ಈ ಹರ್ಷನ ಮನೆಗೆ ನಡೆದ. ಹರ್ಷನ ಬೀದೀಲಿ ಕರೆಂಟಿತ್ತು.

ವಾಪಸ್ ಹೊರಟಾಗ ತುಂಬಾ ಹೊತ್ತಾಗಿತ್ತು. ರೈಲುಹಳಿ ಪಕ್ಕದ ದಾರಿ. ದೆವ್ವ ಕೂರೋಕೆ ಇಲ್ಲೆಲ್ಲಿಯ ಆಲದಮರ ಅಂತೀರಾ? ಆ ಹಳಿ ಪಕ್ಕದ ನೀಲಗಿರಿ ಮರ ಸಾಕು ತಾಯಿ. ತೊಗಟೆ ಉದ್ದುದ್ದ ಜೋತುಬಿದ್ದು ಗಾಳಿಗೆ ಸರಕ್... ಸರಕ್... ಅಂತಿರುತ್ತೆ. ಬೀದಿದೀಪ ಒಂದೂ ಇಲ್ಲ. ಮರ ದಾಟಿದ. ಗಾಳಿ ಒಂದು ಕ್ಷಣ ನಿಂತಿತು.

ಆಗ ಕೇಳಿಸ್ತು.

ಗೊರ್ರ್‌ರ್‌ರ್... ಗೊರ್ರ್‌ರ್‌ರ್...

ಅವನಿಗೆ ತಕ್ಷಣ ಗೊತ್ತಾಯ್ತು. ಅವನದೇ ಸ್ಯಾಂಡರು. 'ಸದ್ಯ, ಕರೆಂಟ್ ಬಂತು' ಅಂದ್ಕೊಂಡನಂತೆ. ಆಮೇಲೆ ತಲೆ ಎತ್ತಿ ನೋಡ್ದ. ಬೀದಿ ಪೂರ್ತಿ ಕತ್ತಲು. ಎದುರು ಮನೆ ಕತ್ತಲು. ಅವನ ಮನೆಯೂ ಕತ್ತಲು.

ಅದು ಮಾತ್ರ ಓಡ್ತಾ ಇದೆ.

ಅವನಿಗೆ ಗುಂಡಿ ಒತ್ತಿಟ್ಟು ಬಂದಿದ್ದು ಆಗ ನೆನಪಾಯ್ತು! ಗಾರ್ಗಿ ರೂಮಿನ ಪಕ್ಕಾನೇ ಗರಾಜಿನ ಬಾಗಿಲು. ಆ ಮಗು ಇಡೀ ದಿನ ಮುಟ್ಲಾ ಮುಟ್ಲಾ ಅಂದಿದ್ದೂ ನೆನಪಾಯ್ತು. ಓಡಿದ ನೋಡಿ, ಲ್ಯಾಪ್‌ಟಾಪ್ ಬ್ಯಾಗು ಯಾರ ಹುಲ್ಲಿನ ಮೇಲೆ ಬಿತ್ತೋ ಅದೂ ಗೊತ್ತಿಲ್ಲ.

ಗರಾಜಿನ ದೊಡ್ಡ ಬಾಗಿಲಿಗೆ ಅಂಗೈ ಇಟ್ಟ. ತಗಡು ಗದಗದ ನಡುಗ್ತಿದೆ. ಕರೆಂಟಿಲ್ಲ, ರಿಮೋಟ್ ಒತ್ತಿದ್ರೆ ತೆಗೆಯಲ್ಲ. ಮುಂಬಾಗಿಲಿಗೆ ಓಡಿ, ಬೀಗದಲ್ಲಿ ಕೀ ತಿರುವಿದ. ಕಿರಕ್... ಒಳಗೆ ಕಾಲಿಟ್ಟ.

ಸದ್ದು ನಿಂತುಹೋಯ್ತು. ಮಿಷಿನ್ ಇಳಿಯೋವಾಗ ಊಂ ಅನ್ನುತ್ತಲ್ಲ, ಅದೂ ಇಲ್ಲ. ಟಕ್ ಅಂತ, ಅಷ್ಟೇ.

ಸಂಯುಕ್ತಾ ಗಾಢ ನಿದ್ದೇಲಿದ್ದಾಳೆ. ಗಾರ್ಗಿ ಹಾಸಿಗೆ ಖಾಲಿ. ಗರಾಜಿನ ಬಾಗಿಲು ತೆಗೆದಿದೆ.

...ಇರ್ರಿ, ಒಂದು ಗುಟುಕು ನೀರು ಕೊಡಿ.

ಫೋನಿನ ಬೆಳಕು ಬಿಟ್ಟ. ಮಗು ಬರಿಗಾಲಲ್ಲಿ ನಿಂತಿದೆ. ಬೆನ್ನು ಇವನ ಕಡೆ. ಬಲಗೈ ಮುಂದೆ ಚಾಚಿದೆ, ಅಂಗೈ ಸ್ಯಾಂಡರಿನ ಪಟ್ಟಿಗೆ ನೇರ ಮೇಲೆ. ಮುಟ್ಟಿಲ್ಲ. ಒಂದು ಕೂದಲೆಳೆ ಅಂತರ.

"ಗಾರ್ಗಿ..." ಅಂದ, ಮೆಲ್ಲಗೆ. ಕೂಗಿದ್ರೆ ಬೆಚ್ಚಿಬಿದ್ದು ಕೈ ಊರಿಬಿಟ್ರೆ?

"ಶ್... ಅಪ್ಪಾ. ಇಟ್ಸ್ ಗೋಯಿಂಗ್ ಟು ವೇಕ್ ಅಪ್."

"ಕೈ ತೆಗಿ, ಪುಟ್ಟಾ."

"ಐ ಕಾಂಟ್."

"ಯಾಕೆ ಕಂದಾ?"



ಹಿಂದಿನಿಂದ ಎರಡೂ ಕೈಯಲ್ಲಿ ಸೊಂಟ ಹಿಡಿದು ಎಳೆದ. ಮೈ ಬಂತು, ಕೈ ಬರಲಿಲ್ಲ. ತೋಳು ನೆಟ್ಟಗೆ ಅಲ್ಲೇ ಚಾಚಿಕೊಂಡು ನಿಂತಿದೆ. ಮಗು ಮುಲುಗಿತು. "ಅಮ್ಮಾ ತಾಯಿ ಚಾಮುಂಡಿ" ಅಂತ ಬಾಯಿಗೆ ಬಂತಂತೆ ಅವನಿಗೆ, ದೇವರಿಗೆ ಕೈಮುಗಿಯದೋನಿಗೆ. ಇನ್ನೊಂದು ಸಲ ಜೋರಾಗಿ ಎಳೆದ. ಏನೋ ಸಡಿಲ ಆಯ್ತು. ಇಬ್ಬರೂ ದೊಪ್ಪಂತ ಹಿಂದಕ್ಕೆ ಬಿದ್ರು.

ಬಿದ್ದು ಉಸಿರು ಎಳ್ಕೊಂಡಿಲ್ಲ ಇನ್ನೂ... ಕರೆಂಟ್ ಬಂತು.

ಟ್ಯೂಬ್‌ಲೈಟು ಪಕಪಕ ಅಂತು. ಅಡುಗೆಮನೇಲಿ ಮೈಕ್ರೋವೇವು ಕೀಕ್ ಅಂತು. ಸ್ಯಾಂಡರು ಗರ್ರ್ ಅಂತ ಎದ್ದು, ಹಲಗೆ ಮೇಲೆ ಕುಣಿದು, ಮಗುಚಿ ನೆಲಕ್ಕೆ ಬಿದ್ದು, ಮಗು ನಿಂತಿದ್ದ ಜಾಗ ಉಜ್ಜಿಕೊಂಡು ಗೋಡೆವರೆಗೂ ಓಡ್ತು. ಸುಧನ್ವ ವಯರು ಹಿಡಿದು ಜಗ್ಗಿ ಪ್ಲಗ್ ಕಿತ್ತ. ಈ ಗದ್ದಲಕ್ಕೆ ಸಂಯುಕ್ತಾ ಎದ್ದು ಬಂದ್ಲು. ಕಾಂಕ್ರೀಟ್ ಮೇಲೆ ಪಟ್ಟಿ ಗೀರಿದ ಗೆರೆ ನೋಡಿದ್ಳು, ಗಂಡನ ಮುಖ ನೋಡಿದ್ಳು, ಮಗೂನ ಕಿತ್ತುಕೊಂಡು ಎದೆಗೆ ಒತ್ತಿಕೊಂಡಳು. ಆಮೇಲೆ ಬೈದ್ಲು ನೋಡಿ ಅವನನ್ನ, ಸರಿಯಾಗೇ ಬೈದ್ಲು.

ಈಗ ಪಾಪ, ನೀರು ಕುಡಿಯೋಕೆ ಎದ್ರೂ ಪ್ಲಗ್ ಕಿತ್ತು, ಗುಂಡಿ ಎರಡು ಸಲ ನೋಡಿ, ಸ್ಯಾಂಡರನ್ನ ಬೀರುವಿನಲ್ಲಿಟ್ಟು ಬೀಗ ಹಾಕಿ ಹೋಗ್ತಾನೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ! ಕೊಳ್ಳೆ ಹೋಗಲಿಲ್ಲವಲ್ಲ, ಅದು ಅವನ ಪುಣ್ಯ.

ಏನು ಹರ್ಷ, ನಿನ್ನ ಮುಖ ಹಾಗ್ಯಾಕೆ? ಪಕ್ಕದ ಬೀದಿಯ ಜನರೇಟರ್ ಸದ್ದು ಅಂತೀಯಾ? ಅನ್ನಪ್ಪ, ಅನ್ನು. ಮಗು ನಿದ್ದೆಗಣ್ಣಲ್ಲಿ ಎದ್ದು ಹೋಗಿತ್ತು ಅನ್ನು. ನಾನೂ ಹಾಗೇ ಅಂತಿದ್ದೆ, ಆ ವಿಡಿಯೋ ಕಾಲ್ ಬರದೇ ಇದ್ದಿದ್ರೆ. ಸಂಯುಕ್ತಾ ಅದೇ ಹೊತ್ತಲ್ಲಿ ನನಗೆ ಕಾಲ್ ಮಾಡಿದ್ಳು. "ರಮಕ್ಕಾ, ಇದನ್ನ ನೋಡಿ" ಅಂತ ಗಾರ್ಗಿಯ ಬಲಗೈ ಕ್ಯಾಮೆರಾ ಹತ್ತಿರ ಹಿಡಿದ್ಳು.

ಮಣಿಕಟ್ಟಿನ ಸುತ್ತ ಮರದ ಧೂಳು. ಬಿಳಿಬಿಳಿ ಧೂಳಲ್ಲಿ ಬೆರಳುಗಳ ಗುರುತು. ಒಂದು ಕೈ ಬಿಗಿಯಾಗಿ ಹಿಡಿದಿದ್ದ ಗುರುತು.

"ತಡೆದಿದ್ದು ಕಣ್ರೀ ಅದು, ನನ್ನ ಮಗೂನ ಉಳಿಸಿದ್ದು" ಅಂತ ಸಂಯುಕ್ತಾ.

"ಹಾಗಾದ್ರೆ ನಾನು ಎಳೆದಾಗ ಯಾಕೆ ಬಿಡಲಿಲ್ಲ?" ಅಂತ ಸುಧನ್ವ.

ಇಬ್ಬರೂ ಇವತ್ತಿಗೂ ಅದೇ ಜಗಳ. ನನ್ನನ್ನ ಕೇಳಬೇಡಿ. ನನಗೆ ಗೊತ್ತಿಲ್ಲ. ಆದ್ರೆ ಆಗಿದ್ದು ನಿಜ. ಈ ಎರಡು ಕಣ್ಣಿಂದ ನೋಡಿದೀನಿ, ಯಾರ ಮೇಲೆ ಬೇಕಾದ್ರೂ ಆಣೆ ಇಡ್ತೀನಿ.

ನಾನೇ ಅಂದೆ ಅವತ್ತು, "ನೀನೇ ಗಾಬರೀಲಿ ಕೈ ಹಿಡಿದಿರ್ತೀಯ ಕಣೋ, ಅಳತೆ ನೋಡು" ಅಂತ. ಅವನು ತನ್ನ ಕೈಯಿಂದ ಆ ಗುರುತಿನ ಮೇಲೇ ಮೆತ್ತಗೆ ಹಿಡಿದ. ಅವನ ಬೆರಳು ಗುರುತು ದಾಟಿ ಹೋಯ್ತು. ಸಂಯುಕ್ತಾ ಹಿಡಿದು ನೋಡಿದ್ಳು. ಅವಳ ಬೆರಳು ಗುರುತಿನ ತುದಿ ಮುಟ್ಟಲಿಲ್ಲ.