ಗೈಡಿನಲ್ಲಿಲ್ಲದ ಪ್ರಶ್ನೆ

ತನ್ನ ಜೊತೆ ಎಂ.ಎಸ್ಸಿ. ಮುಗಿಸಿದ ಸಹಪಾಠಿ ದಯಾನಂದನ ಕೈಯಿಂದ ಗಣಿತದ ಗೈಡು ಕಿತ್ತುಕೊಂಡ ವರ್ಷಿಣಿ, ಹೊನ್ನವಳ್ಳಿ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲೇ ಅವನ ಪರೀಕ್ಷೆ ಶುರುಮಾಡಿದಳು.

"ಇಲ್ಲಿ ಎಕ್ಸ್‌ಗೆ ಸೊನ್ನೆ ಹಾಕಿದ್ರೆ ಯಾಕೆ ನಡೆಯಲ್ಲ?"

"ಗೈಡಲ್ಲಿ ಹಾಕಿಲ್ವಲ್ಲ ಕಣೇ."

"ನಾಳೆ ನಿನ್ನ ಟ್ಯೂಷನ್ ಸೆಂಟರ್ ಶುರು. ಡಿಗ್ರಿ ಹುಡುಗ್ರು ಇದನ್ನೇ ಕೇಳಿದ್ರೆ?"

"ಎಕ್ಸಾಮಿಗೆ ಬರಲ್ಲ ಅಂತೀನಿ. ನಮ್ಮ ಮೇಷ್ಟ್ರೂ ಹಂಗೇ ಅಂತಿದ್ರು."

"ಅದಕ್ಕೇ ನೀನು ಹಿಂಗಾಗಿರೋದು. ನಿಮ್ಮಪ್ಪ ಅಟ್ಟದ ಕಾಯಿನ ಅಲ್ಲಾಡಿಸಿ, ಒಳಗೆ ಕೊಬ್ಬರಿ ಒಣಗೈತಾ ಅಂತ ನೋಡ್ದೆ ಇಳಿಸ್ತಾರಾ? ಮೇಷ್ಟ್ರು ನಿನ್ನ ಮಾತ್ರ ಹಸಿಯಾಗೇ ಪಾಸ್ ಮಾಡಿ ಇಳಿಸವ್ರೆ."

"ಸಾಕು ಬುಡು. ಬ್ಯಾನರ್‌ನಾಗೆ ನಿನ್ನ ಹೆಸರೂ ಹಾಕ್ಸಿದೀನಿ. ಪಾಠ ನೀನು ಮಾಡು, ಡೈರೆಕ್ಟರ್ ನಾನಾಗಿರ್ತೀನಿ."

ತಿಪಟೂರು ಬಂತು. ಅವಳು ಗೈಡನ್ನು ಅವನ ತೊಡೆಯ ಮೇಲೆ ಹಾಕಿ ಎದ್ದಳು.

"ಹೆಸರು ತೆಗ್ಸು. ನಾನು ಬರಲ್ಲ."