ವಸಂತನ ಹನ್ನೊಂದು ಮೇಲ್‌ಗಳು

ಜಿತೇಶನ ಮನೆ ಸಿದ್ಧಕಟ್ಟೆ ದಾಟಿ ಮೂಡುಬಿದಿರೆ ಕಡೆಗೆ ಹೋಗುವ ರಸ್ತೆಯಲ್ಲಿ, ನಮ್ಮ ಮನೆಯಿಂದ ಮೂರನೆಯದು. ಇದು ಅವನಿಗೇ ಆದದ್ದು. ಯಾರೋ ಯಾರಿಗೋ ಹೇಳಿದ್ದಲ್ಲ.

ಬಿ.ಸಿ. ರೋಡಿನಿಂದ ಬಂದ ಕೊನೆಯ ಬಸ್ಸು ಅವನನ್ನು ಇಳಿಸಿ ಹೋಯಿತು. ಅಲ್ಲಿಂದ ಮನೆಗೆ ಐದು ನಿಮಿಷದ ಕಾಲುದಾರಿ. ಮಧ್ಯದಲ್ಲಿ ಪಂಚಾಯತಿನ ಬಾವಿ. ನಳ್ಳಿ ಬಂದ ಮೇಲೆ ಆ ಬಾವಿಯ ನೀರು ಸೇದುವವರು ಯಾರೂ ಇಲ್ಲ. ರಾಟೆಗೆ ಹಗ್ಗವೂ ಇಲ್ಲ. ಆದರೂ ರಾಟೆ ತಿರುಗಿತು... ಕಿರ್ರ್... ಕಿರ್ರ್... ಆಮೇಲೆ ಕೊಡ ನೀರಿಗೆ ಬಡಿದ ಸದ್ದು. ಬುಡುಂಕ್.

ಜಿತೇಶ ನಿಂತ. ಬೆನ್ನ ಹಿಂದೆ, ಒಂದು ಮಾರು ದೂರದಿಂದ...

"ಜಿತೇಶಣ್ಣಾ... ನನ್ನ ಮೇಲ್ ಓದಿದಿರಾ?"

ಸ್ವರದ ಗುರುತು ಹತ್ತಲು ಒಂದು ಕ್ಷಣವೂ ಬೇಕಾಗಲಿಲ್ಲ. ವಸಂತ. ಉಜಿರೆಯಿಂದ ಒಳಗೆ, ಘಟ್ಟದ ಬುಡದವನು. ಅವನು ಸತ್ತು ತಿಂಗಳು ಕಳೆದಿತ್ತು. ಅವನ ಉತ್ತರಕ್ರಿಯೆಯ ಬೊಜ್ಜಕ್ಕೆ ಹೋಗಿ, ಪಾಯಸ ಎರಡು ಸಲ ಬಡಿಸಿಕೊಂಡು ಉಂಡು ಬಂದವನು ಇದೇ ಜಿತೇಶ!

ಆ ಪಾಯಸ ಗಂಟಲಲ್ಲಿ ಹೇಗೆ ಇಳಿಯಿತೋ ದೇವರೇ ಬಲ್ಲ. ಅವನು ಮಾಡಿದ್ದು ಕೇಳಿದರೆ ನಿಮಗೂ ಹೊಟ್ಟೆ ಉರಿಯುತ್ತದೆ. ಇಬ್ಬರೂ ಬಿ.ಸಿ. ರೋಡಿನ ಒಂದು ಸಣ್ಣ ಕಂಪೆನಿಯಲ್ಲಿ ಕೆಲಸಕ್ಕಿದ್ದರು. ಬಂಟ್ವಾಳ, ಬೆಳ್ತಂಗಡಿ ಕಡೆಯ ಶಾಲೆ, ಹಾಸ್ಟೆಲ್, ಸೊಸೈಟಿಗಳ ಇಮೇಲ್ ನೋಡಿಕೊಳ್ಳುವ ಕಂಪೆನಿ. ಲಾಟರಿ ಬಂತು, ಸಾಲ ಕೊಡುತ್ತೇವೆ ಎನ್ನುವ ಮೋಸದ ಮೇಲ್‌ಗಳನ್ನು ಹಿಡಿದು ಕಸಕ್ಕೆ ಹಾಕಲು ಅಲ್ಲೊಂದು ಸ್ಪ್ಯಾಮ್ ಫಿಲ್ಟರ್. ಲೋಕದ ಎಲ್ಲೆಲ್ಲಿಯೋ ಇರುವವರು ಸೇರಿ ಪುಕ್ಕಟೆ ಮಾಡಿಕೊಟ್ಟ ಸಾಫ್ಟ್‌ವೇರ್ ಅದು. ಅದರಲ್ಲೊಂದು ತೂತು ಉಂಟೆಂದು ಕಂಡುಹಿಡಿದವನು ವಸಂತ. ಒಂದು ಮೇಲ್‌ನ ಒಳಗೆ ಇನ್ನೊಂದು ಮೇಲ್, ಅದರ ಒಳಗೆ ಮತ್ತೊಂದು, ಹೀಗೆ ಸಾವಿರಗಟ್ಟಲೆ ತುರುಕಿ ಯಾರಾದರೂ ಕಳುಹಿಸಿದರೆ ಫಿಲ್ಟರ್ ಒಂದೊಂದನ್ನೇ ಬಿಡಿಸುತ್ತ ಕೂರುತ್ತದೆ. ಮುಗಿಯುವುದೇ ಇಲ್ಲ. ಹಿಂದೆ ಸಾಲು ನಿಂತ ಒಳ್ಳೆಯ ಮೇಲ್‌ಗಳೆಲ್ಲ ಅಲ್ಲೇ ಬಾಕಿ. ಅಂಥದ್ದು ಒಂದೇ ಒಂದು ಸಾಕು, ಎರಡು ತಾಲೂಕಿನ ಇಮೇಲ್ ಬಂದ್.

ವಸಂತ ವಾರಗಟ್ಟಲೆ ಕೂತು ಅದಕ್ಕೆ ರಿಪೇರಿ ಬರೆದ. ಕೊನೆಯ ಎರಡು ಸಾಲು ಬಾಕಿ ಇರುವಾಗ ಜಿತೇಶನಿಗೆ ತೋರಿಸಿದ. ಅಣ್ಣ ಅಂತ ನಂಬಿದ್ದ. ಜಿತೇಶ ಅದನ್ನು ಹಾಗೆಯೇ ಎತ್ತಿ, ತನ್ನ ಹೆಸರು ಹಾಕಿ ಆ ಸಾಫ್ಟ್‌ವೇರ್ ಮಾಡಿದವರಿಗೆ ಕಳುಹಿಸಿಬಿಟ್ಟ. ಎರಡು ಸಾಲು ಕಡಿಮೆ ಇದ್ದದ್ದು ಆಗ ಯಾರಿಗೂ ಗೊತ್ತಾಗದೆ, ಹೊರದೇಶದಿಂದ ಶಭಾಷ್ ಬಂತು. ಕಂಪೆನಿಯ ಧನಿ ಕಮಲಾಕ್ಷ ಅವನನ್ನು ಎಲ್ಲರ ಮೇಲೆ ಕೂರಿಸಿದರು. ವಸಂತ ಜಗಳಕ್ಕೆ ನಿಂತಾಗ, "ನನ್ನದನ್ನು ಕದ್ದು ನೋಡಿ ತನ್ನದು ಅಂತ ಹೇಳ್ತಾನೆ" ಎಂದ ಈ ಮಹಾನುಭಾವ. ವಸಂತನ ಕೆಲಸ ಹೋಯಿತು. ಊರಲ್ಲಿ ಕಳ್ಳ ಎಂಬ ಹೆಸರೂ ಬಂತು.

ಧನಿ ಅವನ ಫೋನ್ ಎತ್ತಲಿಲ್ಲ. ಹಾಗಾಗಿ ನಡೆದದ್ದನ್ನೆಲ್ಲ ಬರೆದು ಅವರಿಗೆ ಮೇಲ್ ಹಾಕಿದ. ಒಂದಲ್ಲ, ಹನ್ನೊಂದು. ಒಂದನ್ನೂ ಅವರು ನೋಡಲಿಲ್ಲ. ಫಿಲ್ಟರ್ ಜಿತೇಶನ ಕೈಯಲ್ಲಿತ್ತಲ್ಲ! ವಸಂತನ ವಿಳಾಸದಿಂದ ಬಂದದ್ದೆಲ್ಲ ಸೀದಾ ಕಸಕ್ಕೆ ಎಂದು ಅದರಲ್ಲಿ ಬರೆದಿಟ್ಟಿದ್ದ. ಹನ್ನೊಂದನೆಯದಕ್ಕೂ ಉತ್ತರ ಬಾರದೆ, ಮಾಣಿಯಲ್ಲಿರುವ ಧನಿಯ ಮನೆಗೇ ಹೋಗಿ ಹೇಳುತ್ತೇನೆಂದು ವಸಂತ ಸ್ಕೂಟರ್ ಹತ್ತಿದ. ಹೆದ್ದಾರಿ ದಾಟುವಾಗ ಲಾರಿ... ಅಷ್ಟೆ.

ಈಗ ಮೂರು ರಾತ್ರಿಯಿಂದ ಫಿಲ್ಟರ್ ನಿಲ್ಲುತ್ತಿತ್ತು. ಜಿತೇಶ ಬಾವಿಯ ಹತ್ತಿರದಿಂದ ಓಡಿ ಮನೆ ಸೇರಿ, ಚಾವಡಿಯಲ್ಲಿ ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲಿ ಧನಿಯ ಫೋನ್.

"ಪುನಃ ನಿಂತಿತಲ್ಲ ಮಾರಾಯ! ನೀನೇ ಬರೆದ ರಿಪೇರಿ, ನಿನಗೇ ಗೊತ್ತಾಗುದಿಲ್ವಾ?"

"ನೋಡ್ತಾ ಇದ್ದೇನೆ ಸರ್..."

"ಮೂರು ದಿನ ಆಯ್ತು ನೀನು ನೋಡುದು. ಬೆಳಿಗ್ಗೆ ಎಂಟಕ್ಕೆ ಸರಿ ಆಗದಿದ್ರೆ ನೀನು ಬರುದೇ ಬೇಡ."

ಗೊತ್ತಿದ್ದರಲ್ಲವೇ ಮಾಡುವುದು? ಕದ್ದವನಿಗೆ ಆ ಎರಡು ಸಾಲು ಎಲ್ಲಿಂದ ಬರಬೇಕು!

ಫಿಲ್ಟರಿನ ಗಂಟಲಲ್ಲಿ ಸಿಕ್ಕಿಕೊಂಡ ಮೇಲ್ ಯಾವುದೆಂದು ಹುಡುಕಿದ. ಸಿಕ್ಕಿತು. ಕಳುಹಿಸಿದವರ ಹೆಸರು ವಸಂತ. ತಾರೀಕು... ಆ ರಾತ್ರಿಯದೇ.

ಲ್ಯಾಪ್‌ಟಾಪಿನ ಫ್ಯಾನ್ ಗುಂಯ್ ಎಂದು ಏರಿತು. ಹೊರಗೆ ಬೊಗಳುತ್ತಿದ್ದ ನಾಯಿ ಅರ್ಧಕ್ಕೇ ಬಾಯಿ ಮುಚ್ಚಿತು. ಜಿತೇಶ ಮೇಲ್ ಬಿಡಿಸಿದ. "ಜಿತೇಶಣ್ಣ, ಓದಿ." ಅಷ್ಟೇ ಇತ್ತು. ಅದರ ಒಳಗೆ ಇನ್ನೊಂದು. "ಜಿತೇಶಣ್ಣ, ಓದಿ." ಮೂರನೆಯದು... ನಾಲ್ಕನೆಯದು... ಒಂದೊಂದು ಬಿಡಿಸಿದ ಹಾಗೆ ಹಿಂದಿನಿಂದ ತಣ್ಣನೆಯ ಉಸಿರು ಹತ್ತಿರ ಬರುತ್ತಿತ್ತು. ಟಯರ್ ಸುಟ್ಟ ವಾಸನೆ. ತಿರುಗಿ ನೋಡೋಣವೆಂದರೆ ಕುತ್ತಿಗೆ ತಿರುಗಲಿಲ್ಲ. ಹನ್ನೊಂದನೆಯದರ ಒಳಗೆ ಎರಡು ಸಾಲು. ಬಾಕಿ ಉಳಿದಿದ್ದ ಅದೇ ಎರಡು ಸಾಲು. ಇಷ್ಟು ಪದರ ಬಿಡಿಸಿದ ಮೇಲೆ ನಿಲ್ಲಿಸು, ಇದನ್ನು ಬದಿಗಿಟ್ಟು ಮುಂದಿನ ಮೇಲ್ ಹಿಡಿ ಎಂದು ಫಿಲ್ಟರಿಗೆ ಹೇಳುವ ಸಾಲು.

ಕಿವಿಯ ಹತ್ತಿರವೇ ಪಿಸುಮಾತು.

"ಸರಿ ಮಾಡಿ ಅಣ್ಣ. ಹೆಸರು ಮಾತ್ರ... ನನ್ನದು ಹಾಕಿ."

"ಹಾ... ಹಾಕ್ತೇನೆ."

"ಊರಲ್ಲಿ ನನ್ನನ್ನು ಕಳ್ಳ ಅಂತ ಹೇಳ್ತಾರೆ. ಅಮ್ಮನಿಗೆ ಕೇಳ್ತದೆ."

ಜಿತೇಶ ಎರಡು ಸಾಲು ಸೇರಿಸಿದ. ಫ್ಯಾನಿನ ಸದ್ದು ಇಳಿಯಿತು. ತಡೆದು ನಿಂತಿದ್ದ ಮೇಲ್‌ಗಳೆಲ್ಲ ಒಂದರ ಹಿಂದೊಂದು ಹೊರಟವು. ಇನ್ನು ಅದನ್ನು ಹೊರದೇಶದವರಿಗೆ ಕಳುಹಿಸಬೇಕು. ಕೆಳಗೆ, ಸರಿ ಮಾಡಿದವರ ಹೆಸರು ಬರೆಯುವ ಜಾಗ.

ಉಸಿರು ಈಗ ಇರಲಿಲ್ಲ. ವಾಸನೆಯೂ ಇರಲಿಲ್ಲ. ನಾಯಿ ಪುನಃ ಬೊಗಳತೊಡಗಿತು. ಹೋದ ಎಂದುಕೊಂಡ ಜಿತೇಶ. ಸತ್ತವನಿಗೆ ಹೆಸರು ಯಾಕೆ ಎಂದುಕೊಂಡ. ಟಕ್... ಟಕ್... ಟಕ್... ತನ್ನ ಹೆಸರನ್ನೇ ಹೊಡೆದು ಕಳುಹಿಸಿದ. ಧನಿಗೂ ಒಂದು ವರದಿ ಹಾಕಿ, ಚಾದರ ಎಳೆದುಕೊಂಡು ಮಲಗಿದ. ನಾಚಿಕೆ ಬೇಡವಾ ಮನುಷ್ಯನಿಗೆ!

ಬೆಳಿಗ್ಗೆ ಎಂಟಕ್ಕೆ ಫೋನ್ ಬಂತು.

"ಸರಿ ಮಾಡಿದ್ದು ವಸಂತ ಅಂತ ಹೊರದೇಶದವರು ಹಾಕಿದ್ದಾರಲ್ಲ ಮಾರಾಯ! ಹಾಗಾದ್ರೆ ನೀನು ಮಾಡಿದ್ದೇನು?"

"ನಾನೇ ಸರ್ ಕಳುಹಿಸಿದ್ದು! ನಿಮಗೂ ಬರೆದಿದ್ದೇನೆ, ನೋಡಿ."

"ನನಗೆ ಏನೂ ಬರ್ಲಿಲ್ಲ."

ಪುನಃ ಕಳುಹಿಸಿದ. ಬರಲಿಲ್ಲ. ಕಸದಲ್ಲಿ ಹುಡುಕಿಸಿದ. ಅಲ್ಲಿಯೂ ಇಲ್ಲ. ಬೇರೆ ವಿಳಾಸದಿಂದ, ಫೋನಿನಿಂದ, ಮೂಡುಬಿದಿರೆಯ ಸೈಬರ್ ಸೆಂಟರಿನಿಂದ... ಎಲ್ಲಿಂದ ಕಳುಹಿಸಿದರೂ ಅವನ ಪರದೆಯಲ್ಲಿ 'ಹೋಯಿತು' ಅಂತ ಬರುತ್ತದೆ. ಯಾರಿಗೂ ಮುಟ್ಟುವುದಿಲ್ಲ. ಕೆಲಸ ಹೋಯಿತು. ಬೇರೆ ಕಡೆ ಅರ್ಜಿ ಹಾಕಿದ, ಅರುವತ್ತೋ ಎಪ್ಪತ್ತೋ. ಒಬ್ಬರೂ ಉತ್ತರ ಬರೆಯಲಿಲ್ಲ. ಕಡೆಗೆ ಹೆದರಿ, ತಪ್ಪೊಪ್ಪಿಕೊಂಡು ವಸಂತನ ಅಮ್ಮ ಲೋಲಾಕ್ಷಿಗೆ ಅಂಚೆಯಲ್ಲಿ ಕಾಗದ ಹಾಕಿದ. ಅದೂ ಮುಟ್ಟಲಿಲ್ಲ. ಎದುರು ಹೋಗಿ ನಿಂತು ಹೇಳುವ ಧೈರ್ಯ ಅವನಿಗೆ ಇವತ್ತಿಗೂ ಬಂದಿಲ್ಲ. ಆಗಲಿ, ಅನುಭವಿಸಲಿ.

ಅವನ ತಂಗಿ ಅಕ್ಷಿತಾ ಮಿಜಾರಿನಲ್ಲಿ ಕಲಿಯುತ್ತಾಳೆ. ಇದನ್ನೆಲ್ಲ ನಂಬುವವಳಲ್ಲ. ಮೊನ್ನೆ ರಜೆಯಲ್ಲಿ ಬಂದವಳು, "ನಿನಗೆ ತಲೆ ಕೆಟ್ಟು ಮರ್ಲು ಹಿಡಿದಿದೆ ಅಣ್ಣ. ನನ್ನ ಎದುರೇ ಕೂತು ಪೆನ್ನಿನಲ್ಲಿ ಬರೆದು ಕೊಡು, ನೋಡುವ" ಎಂದಳು. ಬರೆದ. ಪೆನ್ನು ಕಾಗದದ ಮೇಲೆ ಸರಸರ ಓಡಿದ್ದನ್ನು ಅವಳು ಕಣ್ಣಾರೆ ಕಂಡಿದ್ದಾಳೆ. ನೀಲಿ ಶಾಯಿ. ಮಡಚಿ ಕೈಗೆ ಕೊಟ್ಟ. ಅವಳು ಬಿಡಿಸಿದಳು...

ಸುಳ್ಳಲ್ಲ. ಆ ಕಾಗದ ಅವಳ ಪುಸ್ತಕದ ನಡುವೆ ಉಂಟು, ಬೇಕಾದರೆ ಹೋಗಿ ಕೇಳಿ. ಪೆನ್ನು ಒತ್ತಿದ ಗೀರುಗಳು ಬೆರಳಿಗೆ ತಾಗುತ್ತವೆ. ಶಾಯಿ ಇಲ್ಲ.