ಕಂದು ಕುರ್ಚಿಯ ದಿಂಬು

...ಅಯ್ಯೋ ಬಿಡೋ ಎಮಿಲ್! ತವರು ನೆಲ ಅಂದ್ರೆ ಬರೀ ಕೂಗಾಟ ಅಂತೆ! ಮುದುಕ ಆದೆ, ಇನ್ನೂ ಬೇಸ್‌ಬಾಲ್ ತಲೆಗೆ ಹತ್ಲಿಲ್ಲ ನಿಂಗೆ. ಯಾಕೆ ನಗ್ತೀಯ? ಬಾಯಲ್ಲಿ ಸಾಸೇಜ್ ಇಟ್ಕೊಂಡು ನಗಬೇಡ, ನೆತ್ತಿಗೆ ಹತ್ತುತ್ತೆ. ತಗೋ, ಸಾಸಿವೆ ಇನ್ನೊಂಚೂರು ಹಾಕ್ಕೋ.

ಕೂಗಾಟ ಯಾರು ಬೇಕಾದ್ರೂ ಮಾಡ್ತಾರೆ ಕಣೋ. ನಿಮ್ಮ ಪಿಟ್ಸ್‌ಬರ್ಗ್‌ನವರೂ ಮಾಡ್ತಾರೆ, ಪಾಪ, ಅವರಿಗೆ ಬರೋದೇ ಅದೊಂದು. ತವರು ನೆಲ ಅಂದ್ರೆ ಬೇರೆ. ನಮ್ಮ ಕ್ಲೀವ್‌ಲ್ಯಾಂಡ್ ಹುಡುಗರು ಹಿಂದಿನ ರಾತ್ರಿ ಅವರವರ ಹಾಸಿಗೇಲಿ ಮಲಗಿರ್ತಾರೆ. ಕೆರೆ ಕಡೆಯಿಂದ ಗಾಳಿ ಹೆಂಗೆ ತಿರುಗುತ್ತೆ, ಗೋಡೆಗೆ ಬಡಿದ ಚೆಂಡು ಯಾವ ಮೂಲೆಗೆ ಓಡುತ್ತೆ, ಎಲ್ಲ ಗೊತ್ತಿರುತ್ತೆ. ನಿಮ್ಮೋರು ಹೋಟೆಲ್ ದಿಂಬಿನ ಮೇಲೆ ಹೊರಳಾಡಿ, ಕುತ್ತಿಗೆ ಹಿಡ್ಕೊಂಡು ಬರ್ತಾರೆ. ತನ್ನ ಬೀದೀಲಿ ನಾಯಿಯೂ ಹುಲೀನೇ ಅನ್ನಲ್ವಾ? ...ಏ, ನಮ್ಮೋರನ್ನ ನಾಯಿ ಅನ್ಲಿಲ್ಲ ನಾನು! ಮಾತು ತಿರುಗಿಸಬೇಡ.

ಎಲ್ಲಕ್ಕಿಂತ ದೊಡ್ಡದು, ಕೊನೇ ಬ್ಯಾಟಿಂಗ್ ಮನೆಯವರದ್ದು. ಬಂದೋರು ಎಷ್ಟು ರನ್ ಬೇಕಾದ್ರೂ ಹೊಡ್ಕೊಳ್ಳಲಿ, ಕೊನೇ ಮಾತು ನಮ್ಮದು. ಅದಕ್ಕೇ ವರ್ಷವೆಲ್ಲ ಬೆವರು ಸುರಿಸೋದು. ಫೈನಲ್ ಅಂದ್ರೆ ಏಳು ಆಟ, ನಾಲ್ಕು ಗೆದ್ದೋರಿಗೆ ಕಪ್ಪು; ವರ್ಷದಲ್ಲಿ ಯಾರು ಹೆಚ್ಚು ಗೆದ್ದಿರ್ತಾರೋ ಅವರಿಗೆ ಮೊದಲ ಎರಡು ಆಟ ಮನೇಲಿ, ನಡುವಿನ ಮೂರು ಎದುರಾಳಿ ಊರಲ್ಲಿ, ಆಮೇಲೆ ಆರನೇದು, ಏಳನೇದು ವಾಪಸ್ ಮನೇಲಿ. ಈ ವರ್ಷ ಯಾರಪ್ಪಾ ಹೆಚ್ಚು ಗೆದ್ದಿದ್ದು? ...ಗೊಣಗಬೇಡ, ಬಾಯಿಬಿಟ್ಟು ಹೇಳು. ಹಾಂ! ಹಂಗೆ ಬಾ ದಾರಿಗೆ!

ಒಂದು ಕಾಲದಲ್ಲಿ ನೀನೂ ನಮ್ಮೋನೇ ಆಗಿದ್ದೆ. ನಿನ್ನ ಮೊದಲನೇ ಗ್ಲೌಸಿಗೆ ಎಣ್ಣೆ ಹಚ್ಚಿ, ನನ್ನ ಹಾಸಿಗೆ ಕೆಳಗಿಟ್ಟು ಮೆತ್ತಗೆ ಮಾಡಿಕೊಟ್ಟೋಳು ಯಾರು? ನಿನ್ನಕ್ಕ, ಈ ಲೊರೆಟ್ಟಾನೇ. ಆಮೇಲೆ ರೋಸಲಿ ಕೈ ಹಿಡಿದೆ, ಪಿಟ್ಸ್‌ಬರ್ಗ್‌ಗೆ ಹೋದೆ, ಟೋಪಿನೂ ಬದಲಾಯಿಸಿದೆ. ನನ್ನ ಗಂಡ ಸ್ಟಾನ್ ಸಾಯೋವರೆಗೂ ಆಡ್ಕೊಂಡು ನಗ್ತಿದ್ದ, "ಆ ಎಮಿಲ್‌ಗೆ ಹೆಂಡ್ತಿನೂ ಟೀಮೂ ಒಂದೇ ದಿನ ಸಿಕ್ಕಿದ್ವು" ಅಂತ. ರೋಸಲಿ ಬಂಗಾರದಂಥವಳು, ಅದು ಬೇರೆ ಮಾತು.

ಎರಡು ಗಂಟೆ ಬಸ್ ದಾರಿ ಕಣೋ. ಸ್ಟಾನ್, ರೋಸಲಿ ಇಬ್ಬರೂ ತೀರಿಹೋದ ಮೇಲೆ ಒಂದು ಸಲ ಈ ಕಡೆ ತಲೆ ಹಾಕಿದ್ಯಾ? ನಮ್ಮೆರಡು ಊರು ಫೈನಲ್‌ಗೆ ಬರಬೇಕಾಯ್ತು! ಆಗ ಫೋನ್ ಮಾಡ್ತೀಯ, ನಿಮ್ಮೂರಲ್ಲಿ ಆಟ ಇದ್ದಾಗ ನಿಮ್ಮನೇಲಿ ನೋಡ್ತೀನಿ, ನಮ್ಮೂರಲ್ಲಿ ಇದ್ದಾಗ ನೀನು ಬಾ ಅಂತ. ನಾನು ಬಂದೆ. ಏನು ಮನೆಯೋ ಅದು! ಫ್ರಿಜ್ ತೆಗೆದ್ರೆ ಒಂದು ಸಾಸಿವೆ ಬಾಟಲು, ಒಂದು ಬಾಡಿದ ನಿಂಬೆಹಣ್ಣು. ಆ ನಿಂಬೆಹಣ್ಣು ನೋಡಿ ನನಗೆ ಅಳು ಬಂತು ಕಣೋ, ಹೇಳ್ಲಿಲ್ಲ ಅಷ್ಟೇ.

ತಿನ್ನು ತಿನ್ನು. ಬಾಗಿಲ ಹತ್ರ ಬ್ಯಾಗ್ ಬೇರೆ ತಂದಿಟ್ಟಿದೀಯ. ಆಟ ಮುಗಿದ ತಕ್ಷಣ ಬಸ್ಸಿಗೆ ಓಡೋ ಆತುರ ನೋಡು! ಸೋತ ಮುಖ ನಾನು ನೋಡ್ಬಾರದು ಅಂತ ತಾನೇ?

ಹಾಂ, ಏನಂದೆ? ನಿಮ್ಮನೇಲಿ ಎರಡು ಆಟ ಸೋತಿದ್ದಾ? ಅದು ದಿಂಬು ಮರೆತು ಬಂದಿದ್ದಕ್ಕೆ! ಬೇಕಾದ್ರೆ ಪಕ್ಕದ್ಮನೆ ಡೊರೊಥಿನ ಕೇಳು. ಮೊದಲ ಎರಡು ಆಟ ನಾನು ಈ ಕಂದು ಕುರ್ಚೀಲಿ, ಈ ದಿಂಬಿನ ಮೇಲೆ ಕೂತಿದ್ದೆ, ಗೆದ್ವಿ. ನಿಮ್ಮನೆ ಮಡಚೋ ಕುರ್ಚೀಲಿ ಕೂತೆ, ಎರಡೂ ಹೋಯ್ತು. ಡೊರೊಥಿ ಬಾಯಿ ಬಡ್ಕೊಂಡು ಬಸ್ ಡ್ರೈವರ್ ಕೈಲಿ ದಿಂಬು ಕಳಿಸಿದ್ಲಲ್ಲ, ಐದನೇದು ಗೆದ್ವೋ ಇಲ್ವೋ? ಇದನ್ನ ಮೂಢನಂಬಿಕೆ ಅನ್ನೋನು ಜನ್ಮದಲ್ಲಿ ಬೇಸ್‌ಬಾಲ್ ನೋಡಿಲ್ಲ. ತಂಡ ಮುಂದಿರುವಾಗ ಕೂತ ಜಾಗದಿಂದ ಅಲ್ಲಾಡಬಾರದು. ನಮ್ಮಪ್ಪ ಒಂದು ಸಲ ಬೂಟಿಗೆ ಬೆಂಕಿ ಕಿಡಿ ಬಿದ್ರೂ ಅಲ್ಲಾಡ್ಲಿಲ್ಲ.

...ಏನು?

ನಿನ್ನೆ? ನಿನ್ನೆ ಏನು?

ಓ, ಅದಾ. ಎರಡು ರನ್ ಮುಂದಿದ್ವಿ, ಹೌದು. ಒಂಬತ್ತರಲ್ಲಿ ಏಳನೇ ಇನ್ನಿಂಗ್ಸು, ಹೌದು. ಆ ಆರನೇ ಆಟ ಗೆದ್ದಿದ್ರೆ ಅಲ್ಲಿಗೇ ಕಪ್ಪು ನಮ್ದು, ಅದೂ ಹೌದು. ಎದ್ದೆ ಕಣಪ್ಪಾ, ಏನೀಗ? ಮಂಡಿ ಹಿಡ್ಕೊಂಡಿತ್ತು. ಕಾಫಿ ಮಾಡೋಣ ಅಂತ ಎದ್ದೆ.

ಮಾಡ್ಲಿಲ್ಲ ಅಂದ್ರೆ... ಪುಡಿ ಮುಗಿದಿತ್ತು.

ಬೆಳಿಗ್ಗೆ ಕುಡಿದಿದ್ದಾ? ಅದು... ಅದು ಬೇರೆ ಡಬ್ಬೀದು. ಅಬ್ಬಬ್ಬಾ, ಪೊಲೀಸಿನವರ ಥರ ಕೇಳ್ತೀಯಲ್ಲೋ! ಅಲ್ಲಿ ಕಿಟಕಿ ಗಾಳಿ ಬರ್ತಿತ್ತು, ಅದಕ್ಕೇ ಸೋಫಾ ಮೇಲೆ ಬಂದು ಕೂತೆ. ಸೋಫಾಲಿ ನೀನಿದ್ದೆ. ಅದಕ್ಕೆ ನಾನೇನು ಮಾಡ್ಲಿ? ಮನೇಲಿರೋದೇ ಒಂದು ಸೋಫಾ. ಡೊರೊಥಿಗೂ ಹಿಂಗೇ ಹೇಳಿದೆ, ನಂಬ್ಲಿಲ್ಲ. ಬೆಳಿಗ್ಗೆ ಕಸದ ಡಬ್ಬ ಹೊರಗಿಡೋಕೆ ಬಂದೋಳು ನನ್ನ ಮುಖ ನೋಡಿ ಆ ಕಡೆ ತಿರುಗಿದ್ಲು. ಮೂವತ್ತು ವರ್ಷದ ಸ್ನೇಹ! ಇಡೀ ಬೀದೀಗೆ ಸಾರಿರ್ತಾಳೆ, ಲೊರೆಟ್ಟಾ ಎದ್ದಳು, ಕ್ಲೀವ್‌ಲ್ಯಾಂಡ್ ಬಿತ್ತು ಅಂತ.

ನಗು ನೀನು, ನಗು. ನಿಮ್ಮೋರು ತಾನೇ ಗೆದ್ದಿದ್ದು.

...ನಗ್ತಿಲ್ಲ.

ಯಾಕೆ ನಗ್ತಿಲ್ಲ? ಎಮಿಲ್? ಏನಾದ್ರೂ ಅನ್ನೋ. ಬೈಯೋದಾದ್ರೂ ಬೈಯೋ. ಆ ಕುರ್ಚಿನ ಯಾಕೆ ಹಂಗೆ ನೋಡ್ತೀಯ? ನನ್ನ ಯಾಕೆ ಹಂಗೆ ನೋಡ್ತೀಯ? ಟೀವಿ ನೋಡು, ಇನ್ನೇನು ರಾಷ್ಟ್ರಗೀತೆ ಶುರುವಾಗುತ್ತೆ...

ಸರಿ. ಎದ್ದೆ. ಬೇಕಂತಲೇ ಎದ್ದೆ, ಸಾಕಾ? ಎರಡು ರನ್ ಮುಂದಿದ್ವಿ, ಬೀದಿಯಲ್ಲಿ ಆಗಲೇ ಹಾರ್ನ್ ಹೊಡೀತಿದ್ರು, ನೀನು ಬೂಟಿನ ಲೇಸ್ ಕಟ್ಕೊಳ್ಳೋಕೆ ಬಗ್ಗಿದೆ. ಗೆದ್ದುಬಿಟ್ರೆ ರಾತ್ರಿನೇ ಹೊರಟುಹೋಗ್ತಾನಲ್ಲ ಅನ್ನಿಸ್ತು. ಹುಟ್ಟಿದಾಗಿನಿಂದ ಈ ಟೀಮಿಗೋಸ್ಕರ ಅತ್ತಿದೀನಿ ಕಣೋ, ಸ್ಟಾನ್ ತೀರಿಹೋದ ವಾರಾನೂ ಸ್ಕೋರ್ ಕೇಳಿದೀನಿ. ಅಂಥೋಳು ಒಂದು ದಿನ ಹೆಚ್ಚು ಸಿಗ್ಲಿ ಅಂತ ಕುರ್ಚಿ ಬಿಟ್ಟು ಎದ್ದೆ. ಒಂದೇ ಒಂದು ದಿನ. ಅದೂ ಇವತ್ತಿಗೆ ಮುಗೀತು. ಇವತ್ತು ಯಾರೇ ಗೆಲ್ಲಲಿ, ಎಂಟನೇ ಆಟ ಅಂತ ಯಾರೂ ಇಟ್ಟಿಲ್ವಲ್ಲೋ.

ಹೇಳಿಬಿಟ್ಟೆ. ನಮ್ಮನೆಯೇ ಆದ್ರೂ ಕೊನೇ ಬ್ಯಾಟಿಂಗ್ ನಿಂಗೇ ಬಿಟ್ಟಿದೀನಿ, ತಗೋ.

...ಎಲ್ಲಿಗೆ ಎದ್ದೆ? ಕೋಪ ಬಂತಾ? ಏ ಎಮಿಲ್, ಬ್ಯಾಗ್ ಆ ಕಡೆ ಇದೆ. ಅದು ನನ್ನ ಕುರ್ಚಿ... ದಿಂಬು ಯಾಕೋ ತೆಗೀತಿದೀಯ? ಮುಟ್ಟಬೇಡ, ಆಟ ಶುರುವಾಗೋ ಹೊತ್ತಲ್ಲಿ ಯಾರೂ ದಿಂಬು ಮುಟ್ಟಲ್ಲ! ಎಲ್ಲಿಗೆ ಒಯ್ತೀಯ... ಸೋಫಾ ಮೇಲಾ? ನಿನ್ನ ಪಕ್ಕಕ್ಕಾ?

ಅಯ್ಯೋ ಕಳ್ಳ! ನಾನು ಅಲ್ಲಿ ಕೂತ್ರೆ ನಮ್ಮೋರು ಸೋಲ್ತಾರೆ ಅಂತ ಗೊತ್ತಿದ್ದೇ ಮಾಡ್ತಿದೀಯಲ್ಲ!

ಬಸ್ಸೋ?

...ತಲೆ ಅಲ್ಲಾಡಿಸಿದ್ರೆ ಸಾಲದು. ಹೋಗಲ್ವಾ? ನಾಳೆನೂ?

ಡೊರೊಥಿ ಇನ್ನು ಜನ್ಮದಲ್ಲಿ ನನ್ನ ಮಾತಾಡಿಸಲ್ಲ ಕಣೋ.

ಜರುಗು ಆ ಕಡೆ. ಜಾಗ ಬಿಡು.